ಒನ್‌ಡ್ರೈವ್‌ನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಿನಿಂದಲೂ ಏಕೆ ಹೋಯಿತು?

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಹತ್ತು-ಹನ್ನೆರಡು ಮಗ್ಗದವರು ನಮಗೆ ನೇಯ್ದು ಕೊಡುತ್ತಾರೆ. ಲೆಕ್ಕ, ಫೋಟೊ, ಪತ್ರವ್ಯವಹಾರ ನನ್ನ ಪಾಲಿನ ಕೆಲಸ. ಕಳೆದ ವರ್ಷ ಕೊಂಡ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ‘ಸೀರೆ’ ಎಂಬ ಫೋಲ್ಡರ್ ಮಾಡಿ, ದಡಿ ಮತ್ತು ಸೆರಗಿನ ಸುಮಾರು 1,800 ಫೋಟೊ ಇಟ್ಟಿದ್ದೆ. ‘ಒನ್‌ಡ್ರೈವ್ ತುಂಬಿದೆ’ ಎಂಬ ಸೂಚನೆ ದಿನಾಲೂ ಬರತೊಡಗಿತು. ಪರಿಚಯದ ಕಂಪ್ಯೂಟರ್ ರಿಪೇರಿಯವರು “ಆನ್‌ಲೈನ್‌ನ್ಯಾಗಿಂದ ಡಿಲೀಟ್ ಮಾಡ್ರಿ, ಲ್ಯಾಪ್‌ಟಾಪ್‌ನ್ಯಾಗ ಹೆಂಗೂ ಇರ್ತಾವ” ಎಂದರು. ಹಾಗೆಯೇ ಮಾಡಿದೆ. ಮರುದಿನ ನೋಡಿದರೆ ಕೊನೆಯ ನಲವತ್ತು-ಐವತ್ತು ಫೋಟೊ ಬಿಟ್ಟು ಡೆಸ್ಕ್‌ಟಾಪಿನ ಫೋಲ್ಡರ್ ಕೂಡ ಖಾಲಿ. ಇದಾಗಿ ಇಂದಿಗೆ 19 ದಿನ. ಸಾಫ್ಟ್‌ವೇರ್ ಹಾಕಿ ತೆಗೆದುಕೊಡಲು ಅವರೇ ಈಗ ಎಂಟು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಟೆಲಿಗ್ರಾಂನಲ್ಲಿ 300 ರೂಪಾಯಿಗೆ ಜೀವಮಾನವಿಡೀ ‘ಅನ್‌ಲಿಮಿಟೆಡ್’ ಗೂಗಲ್ ಡ್ರೈವ್ ಸಿಗುತ್ತದೆ ಎಂದು ಮಾವನ ಮಗ ಹೇಳುತ್ತಾನೆ. ಆನ್‌ಲೈನ್‌ಗೆ ಹಾಕಿದರೆ ನಮ್ಮ ಡಿಸೈನ್ ಕದಿಯುತ್ತಾರೆ ಎಂಬುದು ಅಪ್ಪನ ಭಯ. ಟ್ಯಾಲಿ ಸಾಫ್ಟ್‌ವೇರಿನ ಲೆಕ್ಕ, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರ, ನೇಕಾರರ ಆಧಾರ್ ಪ್ರತಿಗಳೂ ಇದೇ ಲ್ಯಾಪ್‌ಟಾಪಿನಲ್ಲಿವೆ. ಫೋಟೊ ಹೋದ ವಿಷಯವನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?
— ಓದುಗರು, ಇಳಕಲ್

ಉತ್ತರ: ಈ ಉತ್ತರದ ಮೊದಲ ಭಾಗವನ್ನು ಪತ್ರ ಬಂದ ದಿನವೇ ನಿಮಗೆ ತಿಳಿಸಿದ್ದೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ಒನ್‌ಡ್ರೈವ್ ಎಂದರೆ ಫೈಲುಗಳನ್ನಿಡಲು ಮೈಕ್ರೋಸಾಫ್ಟ್ ಕೊಡುವ ಆನ್‌ಲೈನ್ ಜಾಗ. ಅದರ ವೈಯಕ್ತಿಕ ಖಾತೆಯಲ್ಲಿ ಅಳಿಸಿದ ಫೈಲು ಒಮ್ಮೆಲೇ ನಾಶವಾಗುವುದಿಲ್ಲ. ಆ ಖಾತೆಯದೇ ಆದ ರಿಸೈಕಲ್ ಬಿನ್‌ಗೆ ಹೋಗಿ 30 ದಿನಗಳವರೆಗೆ ಅಲ್ಲಿರುತ್ತದೆ, ಆಮೇಲೆ ತಾನಾಗಿಯೇ ಅಳಿದುಹೋಗುತ್ತದೆ. ನಿಮ್ಮ ಲೆಕ್ಕದ ಪ್ರಕಾರ ಉಳಿದದ್ದು ಹನ್ನೊಂದು ದಿನ. ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ಮತ್ತೆ ಬರೆಯುತ್ತೇನೆ.

ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆರೆದು, ಎಡಬದಿಯಲ್ಲಿ ಕಾಣುವ ರಿಸೈಕಲ್ ಬಿನ್ ಒತ್ತಿ, ಬೇಕಾದ ಫೋಲ್ಡರ್ ಆರಿಸಿ ‘ರಿಸ್ಟೋರ್’ ಕೊಡಬೇಕು. ಅದು ಮೊದಲಿದ್ದ ಜಾಗಕ್ಕೇ ಮರಳುತ್ತದೆ. ಖಾಲಿಯಾದ ಜಾಗದಲ್ಲಿ ಈ ನಡುವೆ ಬೇರೆ ಫೈಲುಗಳು ತುಂಬಿಕೊಂಡಿದ್ದರೆ, ಮೊದಲು ಅವುಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಮಾಡಿಕೊಂಡು ಜಾಗ ತೆರವು ಮಾಡಿ. ಮರಳಿ ಬಂದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಿ, ಎಲ್ಲ ಫೋಟೊಗಳ ಪಕ್ಕದಲ್ಲಿ ತುಂಬಿದ ಹಸಿರು ವೃತ್ತದೊಳಗೆ ಬಿಳಿ ಟಿಕ್ ಬರುವವರೆಗೆ ಇಂಟರ್‌ನೆಟ್ ಕಡಿಯದಂತೆ ಕಾಯಿರಿ. ಅನಂತರ ಅವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ‘ಕಾಪಿ’ ಮಾಡಿ, ‘ಕಟ್’ ಮಾಡಬೇಡಿ. ಲ್ಯಾಪ್‌ಟಾಪಿನ ಸ್ವಂತ ರಿಸೈಕಲ್ ಬಿನ್ನನ್ನೂ ಒಮ್ಮೆ ನೋಡಿ. ಆನ್‌ಲೈನ್‌ನಲ್ಲಿ ಅಳಿಸಿದಾಗ ಇಲ್ಲಿನ ಪ್ರತಿ ಕೆಲವೊಮ್ಮೆ ಅಲ್ಲಿಗೆ ಬಂದು ಬಿದ್ದಿರಬಹುದು. ಒಮ್ಮೆಗೇ ಬಹಳ ಫೈಲುಗಳು ಅಳಿದಾಗ ಒನ್‌ಡ್ರೈವ್ ಒಂದು ಎಚ್ಚರಿಕೆಯ ಇಮೇಲ್ ಕಳಿಸುತ್ತದೆ. ಅದು ನಿಮಗೂ ಬಂದಿರುತ್ತದೆ, ಜಾಹೀರಾತುಗಳ ನಡುವೆ ಯಾರೂ ಅದನ್ನು ತೆರೆಯುವುದಿಲ್ಲ ಅಷ್ಟೇ.

ಎಂಟು ಸಾವಿರ ರೂಪಾಯಿಯ ಮಾತಿಗೆ ಬರೋಣ. ಫೈಲು ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳು ಇರುವುದು ನಿಜ, ಫೋಟೊರೆಕ್ ಎಂಬುದು ಉಚಿತವಾಗಿಯೇ ಸಿಗುತ್ತದೆ. ಹಳೆಯ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಜಾಗಕ್ಕೆ ಹೊಸದೇನೂ ಬಂದು ಕೂರುವ ತನಕ ಹಳೆಯದು ಅಲ್ಲಿಯೇ ಇರುತ್ತದೆ, ಹೆಸರು ಕಳೆದುಕೊಂಡಾದರೂ ಬಹುಪಾಲು ಸಿಗುತ್ತದೆ. ಆದರೆ ಕಳೆದ ವರ್ಷ ಕೊಂಡ ಲ್ಯಾಪ್‌ಟಾಪಿನಲ್ಲಿ ಇರುವುದು ಬಹುತೇಕ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಡಿಸ್ಕ್. ಅದರಲ್ಲಿ ‘ಟ್ರಿಮ್’ ಎಂಬ ವ್ಯವಸ್ಥೆಯಿದ್ದು, ಫೈಲು ಅಳಿಸಿದ ಮೇಲೆ ಆ ಜಾಗ ಖಾಲಿಯಾಯಿತೆಂದು ವಿಂಡೋಸ್ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ಒರೆಸಿಬಿಡುತ್ತದೆ. ಹತ್ತೊಂಬತ್ತು ದಿನಗಳ ಮೇಲೆ ಅಲ್ಲಿಂದ ಏನನ್ನಾದರೂ ತೆಗೆಯುತ್ತೇನೆ ಎನ್ನುವವರಿಗೆ ಮುಂಗಡ ಕೊಡಬೇಡಿ. ಅವರು ತೆಗೆದುಕೊಟ್ಟರೂ ಅದು ಒನ್‌ಡ್ರೈವ್ ರಿಸೈಕಲ್ ಬಿನ್‌ನಿಂದಲೇ ಬಂದಿರುವ ಸಾಧ್ಯತೆ ಹೆಚ್ಚು, ಆ ಕೆಲಸ ಹತ್ತು ನಿಮಿಷದ್ದು. ಬಿನ್‌ನಲ್ಲಿಯೂ ಸಿಗದ ಕೆಲವು ಫೋಟೊಗಳಿದ್ದರೆ, ಗಿರಾಕಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವು ನಿಮ್ಮ ಫೋನಿನ ವಾಟ್ಸ್‌ಆ್ಯಪ್ ಇಮೇಜಸ್ ಫೋಲ್ಡರಿನ ಒಳಗೆ ‘ಸೆಂಟ್’ ಎಂಬಲ್ಲಿ ಉಳಿದಿರುತ್ತವೆ. ವಾಟ್ಸ್‌ಆ್ಯಪ್ ಅವನ್ನು ಕುಗ್ಗಿಸಿರುವುದರಿಂದ ದಡಿಯ ಎಳೆಗಳು ಅಷ್ಟು ಸ್ಪಷ್ಟವಾಗಿ ಕಾಣಲಿಕ್ಕಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಇನ್ನು ಇದು ಆದದ್ದಾದರೂ ಹೇಗೆ? ರಿಪೇರಿಯವರು ನಿಮಗೆ ಬೇಕೆಂದು ತಪ್ಪು ಹೇಳಿರಲಾರರು. ಬೆಳಗಾವಿಯಲ್ಲಿ ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನು ಇಂಥ ಸಲಹೆಯನ್ನು ಬಲ್ಲವರ ಬಾಯಿಂದಲೂ ಕೇಳಿದ್ದೇನೆ. ಗೊಂದಲದ ಮೂಲ ‘ಬ್ಯಾಕಪ್’ ಎಂಬ ಮಾತಿನಲ್ಲಿದೆ. ಹೊಸ ಲ್ಯಾಪ್‌ಟಾಪ್ ಮೊದಲ ಸಲ ತೆರೆದು ಮೈಕ್ರೋಸಾಫ್ಟ್ ಖಾತೆಯ ಇಮೇಲ್ ಕೊಟ್ಟಾಗ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರು ಫೋಲ್ಡರ್‌ಗಳನ್ನು ಒನ್‌ಡ್ರೈವ್ ತನ್ನ ಒಡಲಿಗೆ ತೆಗೆದುಕೊಳ್ಳುತ್ತದೆ, ಅದಕ್ಕೆ ‘ಬ್ಯಾಕಪ್’ ಎಂದು ಹೆಸರಿಡುತ್ತದೆ. ಆದರೆ ಅದು ಮಾಡುವ ಕೆಲಸ ಸಿಂಕ್. ದಿನದ ಕಿರ್ದಿಯನ್ನು ಸಂಜೆ ಇನ್ನೊಂದು ವಹಿಗೆ ನಕಲು ಮಾಡಿ ಮನೆಗೆ ಒಯ್ದಿಡುವುದು ಬ್ಯಾಕಪ್. ಒಂದೇ ಕಿರ್ದಿಯನ್ನು ಅಂಗಡಿಯಲ್ಲಿ ಒಬ್ಬರು, ಮನೆಯಲ್ಲಿ ಇನ್ನೊಬ್ಬರು ತೆರೆದು ಕೂತಂತೆ ಇರುವುದು ಸಿಂಕ್. ಇಲ್ಲಿ ಒಂದು ಸಾಲು ಹೊಡೆದುಹಾಕಿದರೆ ಅಲ್ಲಿ ಓದುವವರಿಗೂ ಆ ಸಾಲು ಇರುವುದಿಲ್ಲ. ನೀವು ‘ಆನ್‌ಲೈನ್ ಪ್ರತಿ’ ಎಂದು ತಿಳಿದು ಅಳಿಸಿದ್ದು ಪ್ರತಿಯಾಗಿರಲಿಲ್ಲ, ಅದೇ ಮೂಲವಾಗಿತ್ತು.

ಉಳಿದುಕೊಂಡ ನಲವತ್ತು-ಐವತ್ತು ಫೋಟೊಗಳೇ ಇದಕ್ಕೆ ಸಾಕ್ಷಿ. ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ ಮಾತ್ರ. ಅದು ತುಂಬಿದ ಮೇಲೆ ನೀವು ಇಟ್ಟ ಫೋಟೊಗಳು ಆನ್‌ಲೈನ್‌ಗೆ ಹೋಗಲೇ ಇಲ್ಲ. ಹೋಗದೇ ಇದ್ದುದರಿಂದ ಅಲ್ಲಿ ಅಳಿಸಲ್ಪಡಲೂ ಇಲ್ಲ, ಇಲ್ಲಿ ಬದುಕಿಕೊಂಡವು.

ಇದನ್ನು ತಿಳಿದ ಮೇಲೆ ಫೈಲುಗಳ ಪಕ್ಕದ ಚಿಕ್ಕ ಚಿತ್ರಗಳನ್ನು ಓದುವುದು ಕಷ್ಟವಲ್ಲ. ನೀಲಿ ಮೋಡ ಕಂಡರೆ ಫೈಲು ಆನ್‌ಲೈನ್‌ನಲ್ಲಿ ಮಾತ್ರ ಇದೆ, ಲ್ಯಾಪ್‌ಟಾಪಿನಲ್ಲಿ ಕಾಣುವುದು ಬರಿಯ ಹೆಸರು. ಬಿಳಿ ವೃತ್ತದೊಳಗೆ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಎರಡೂ ಕಡೆ ಇದೆ. ಹಸಿರು ತುಂಬಿದ ವೃತ್ತವಿದ್ದರೆ ಲ್ಯಾಪ್‌ಟಾಪಿನಲ್ಲಿ ಕಾಯಂ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗ ಬೇಕಾದಾಗ ‘ಫ್ರೀ ಅಪ್ ಸ್ಪೇಸ್’ ಒತ್ತಬೇಕೇ ಹೊರತು ‘ಡಿಲೀಟ್’ ಒತ್ತಬಾರದು. ಫೋನಿನ ಗೂಗಲ್ ಫೋಟೋಸ್‌ನಲ್ಲಿಯೂ ಇದೇ ವ್ಯತ್ಯಾಸವಿದೆ: ‘ಫ್ರೀ ಅಪ್’ ಎಂಬುದು ಆನ್‌ಲೈನ್‌ಗೆ ಹೋದದ್ದನ್ನು ಖಚಿತಪಡಿಸಿಕೊಂಡು ಫೋನಿನಲ್ಲಿ ಇರುವುದನ್ನು ಮಾತ್ರ ತೆಗೆಯುತ್ತದೆ, ಡಿಲೀಟ್ ಎರಡನ್ನೂ ತೆಗೆಯುತ್ತದೆ. ಅಲ್ಲಿ ಬ್ಯಾಕಪ್ ಆಗಿದ್ದ ಫೋಟೊಗೆ ಟ್ರ್ಯಾಶ್‌ನಲ್ಲಿ 60 ದಿನ, ಆಗಿರದ ಫೋಟೊಗೆ 30 ದಿನ ಅವಕಾಶ.

ಫೋಟೊಗಳು ಮರಳಿ ಬಂದು, ಹೊರಗಿನ ಡಿಸ್ಕಿನಲ್ಲಿ ಒಂದು ಪ್ರತಿ ಕೂತ ಮೇಲೆಯೇ ಒನ್‌ಡ್ರೈವ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಡೆಸ್ಕ್‌ಟಾಪಿನ ಬ್ಯಾಕಪ್ ನಿಲ್ಲಿಸಿ. ನಿಲ್ಲಿಸಿದ ಕೂಡಲೇ ಡೆಸ್ಕ್‌ಟಾಪ್ ಬರಿದಾಗಿ ಕಂಡರೆ ಗಾಬರಿ ಬೇಡ. ಫೈಲುಗಳು ಒನ್‌ಡ್ರೈವ್ ಹೆಸರಿನ ಫೋಲ್ಡರಿನ ಒಳಗೆ ಉಳಿದಿರುತ್ತವೆ. ಅಲ್ಲಿಂದ ಅವನ್ನು ಡಿ ಡ್ರೈವ್‌ನಲ್ಲಿಯೋ ಸಿ ಡ್ರೈವ್‌ನ ಬೇರೆ ಫೋಲ್ಡರಿನಲ್ಲಿಯೋ ಇಟ್ಟುಕೊಳ್ಳಿ.

ನಿಮ್ಮ ತಂದೆಯವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಹೊಸ ಬಣ್ಣದ ಹೊಂದಿಕೆ ಮಾರುಕಟ್ಟೆಗೆ ಬಂದು ವಾರದೊಳಗೆ ಪಕ್ಕದವರ ಮಗ್ಗದ ಮೇಲೆ ಕಾಣುವ ಊರಿನಲ್ಲಿ ಆ ಎಚ್ಚರ ಸಹಜ. ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಫೈಲುಗಳನ್ನು ಗೂಢಲಿಪಿಯಲ್ಲಿ ಇಡುತ್ತವೆ; ಆದರೆ ಅದರ ಕೀಲಿ ಅವರ ಕೈಯಲ್ಲಿಯೇ ಇರುತ್ತದೆ, ಅಂದರೆ ಕಾನೂನಿನ ಆದೇಶ ಬಂದರೆ ಅವರು ತೆರೆಯಬಲ್ಲರು. ಅವರ ನೌಕರರು ಗೋಮಿ ದಡಿಯ ಫೋಟೊ ಹುಡುಕಿಕೊಂಡು ಕೂರುತ್ತಾರೆ ಎಂಬುದು ಮಾತ್ರ ಹುರುಳಿಲ್ಲದ ಮಾತು. ಡಿಸೈನ್ ಸೋರುವ ನಿಜವಾದ ದಾರಿ ಬೇರೆ. ಗಿರಾಕಿಗೆ ತೋರಿಸಲೆಂದು ಫೋಲ್ಡರಿನ ಲಿಂಕನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ, ಅದು ಹತ್ತು ಗುಂಪುಗಳಿಗೆ ಹೋಗುತ್ತದೆ, ವರ್ಷ ಕಳೆದರೂ ಆ ಲಿಂಕ್ ತೆರೆದೇ ಇರುತ್ತದೆ. ಹಂಚಿಕೆಯ ಲಿಂಕುಗಳನ್ನು ತಿಂಗಳಿಗೊಮ್ಮೆ ನೋಡಿ ಮುಚ್ಚಿರಿ, ಖಾತೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಹಾಕಿರಿ.

ನೇಕಾರರ ಆಧಾರ್ ಪ್ರತಿಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು, ಅವು ನಿಮ್ಮವಲ್ಲ. ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಅವನ್ನೆಲ್ಲ ಒಂದು ಗಂಟಾಗಿ ಕಟ್ಟಿ ಪಾಸ್‌ವರ್ಡ್ ಹಾಕಬಹುದು. ಅದು ಬಳಸುವ ಎಇಎಸ್-256 ಗೂಢಲಿಪಿ ಬ್ಯಾಂಕುಗಳೂ ನೆಚ್ಚುವಂಥದ್ದು. ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಎಂಬ ಚೌಕಕ್ಕೂ ಗುರುತು ಹಾಕಿದರೆ ಒಳಗಿನ ಹೆಸರುಗಳೂ ಕಾಣುವುದಿಲ್ಲ. ಪಾಸ್‌ವರ್ಡ್ ಮರೆತರೆ ಮಾತ್ರ ಜಗತ್ತಿನಲ್ಲಿ ಯಾರೂ ತೆರೆದುಕೊಡಲಾರರು, ಆದ್ದರಿಂದ ಅದನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಗಂಟು ಕಟ್ಟಿ, ಒಮ್ಮೆ ತೆರೆದು ನೋಡಿ ಖಚಿತಪಡಿಸಿಕೊಂಡ ಮೇಲೆ ಬಿಡಿ ಪ್ರತಿಗಳನ್ನು ಅಳಿಸಲು ಮರೆಯಬಾರದು. ನಿಮ್ಮ ಸ್ವಂತ ಆಧಾರ್, ಪ್ಯಾನ್, ಲೈಸೆನ್ಸ್‌ಗಳಿಗೆ ಸರ್ಕಾರದ ಡಿಜಿಲಾಕರ್ ಸಾಕು, ಇಲಾಖೆಯಿಂದಲೇ ಅಲ್ಲಿಗೆ ಬಂದ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ. ಅಲ್ಲಿ ನಾವಾಗಿ ಹಾಕುವ ಫೈಲುಗಳಿಗೆ 1 ಜಿಬಿ ಮಾತ್ರ ಜಾಗ, ಸೀರೆಯ ಫೋಟೊಗಳಿಗೆ ಅದಲ್ಲ.

ಟೆಲಿಗ್ರಾಂನ 300 ರೂಪಾಯಿಯ ಡ್ರೈವ್ ಬೇಡವೇ ಬೇಡ. ಗೂಗಲ್ ಅಂಥದ್ದನ್ನು ಮಾರುವುದಿಲ್ಲ. ಯಾವುದೋ ಕಾಲೇಜು ಅಥವಾ ಸಂಸ್ಥೆಯ ಖಾತೆಯೊಳಗೆ ಒಂದು ಹಂಚಿಕೆಯ ಡ್ರೈವ್ ಮಾಡಿ ಅದಕ್ಕೆ ನಿಮ್ಮ ಇಮೇಲ್ ಸೇರಿಸುವುದು ಈ ವ್ಯಾಪಾರದ ಗುಟ್ಟು. ಅದರ ಒಡೆತನ ನಿಮ್ಮದಲ್ಲ. ಮಾರಿದವನು ಒಳಗಿರುವುದನ್ನೆಲ್ಲ ನೋಡಬಲ್ಲ, ಸಂಸ್ಥೆಯವರ ಗಮನಕ್ಕೆ ಬಂದ ದಿನ ಎಲ್ಲವೂ ಅಳಿಯುತ್ತದೆ, ದೂರು ಕೊಡಲು ಜಾಗವೂ ಇರುವುದಿಲ್ಲ. ತಂದೆಯವರು ಹೆದರುವ ಕಳ್ಳತನಕ್ಕೆ ನಾವೇ 300 ರೂಪಾಯಿ ಕೊಟ್ಟು ಬಾಗಿಲು ತೆರೆದಂತೆ.

ಬೇರೆ ಬೇರೆ ಹೆಸರಿನಲ್ಲಿ ಐದಾರು ಉಚಿತ ಖಾತೆ ತೆರೆಯುವ ಉಪಾಯವನ್ನೂ ಹಲವರು ಮಾಡುತ್ತಾರೆ. ಗೂಗಲ್ ಉಚಿತ ಖಾತೆಗೆ 15 ಜಿಬಿ ಕೊಡುತ್ತದೆ ನಿಜ, ಆದರೆ ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಕುಗ್ಗಿಸಿದ ಫೋಟೊಗಳೂ ಇದೇ ಲೆಕ್ಕಕ್ಕೆ ಬೀಳುತ್ತವೆ. ಎರಡು ವರ್ಷ ತೆರೆಯದ ಖಾತೆಯನ್ನು ಅಳಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. ಐದನೆಯ ಖಾತೆಯ ಪಾಸ್‌ವರ್ಡ್ ಯಾವ ಹಳೆಯ ಸಿಮ್ಮಿಗೆ ಜೋಡಿಸಿದ್ದು ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಅಂಗಡಿಯ ಮುಖ್ಯ ಜಿಮೇಲನ್ನು ಫೋಟೊಗಳಿಂದ ತುಂಬಿಸುವುದರಲ್ಲಿ ಇನ್ನೊಂದು ಅಪಾಯವಿದೆ: ಜಾಗ ಮುಗಿದರೆ ಹೊಸ ಇಮೇಲ್ ಬರುವುದೇ ನಿಂತುಹೋಗುತ್ತದೆ. ಗಿರಾಕಿಯ ಆರ್ಡರ್, ಬ್ಯಾಂಕಿನ ಪತ್ರ, ಜಿಎಸ್‌ಟಿ ಸೂಚನೆ ಯಾವುದೂ ಒಳಗೆ ಬಾರದು.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಿಮ್ಮಂಥ ಅಂಗಡಿಗೆ ಮೊದಲು ಬೇಕಾದದ್ದು ಆನ್‌ಲೈನ್ ಜಾಗವಲ್ಲ, ಎರಡು ಹೊರಗಿನ ಹಾರ್ಡ್ ಡಿಸ್ಕುಗಳು. ನಿಮ್ಮ ಗಾತ್ರದ ಫೋಟೊಗಳು 1 ಟೆರಾಬೈಟ್ (ಸುಮಾರು 1,000 ಜಿಬಿ) ಡಿಸ್ಕಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹಿಡಿಯುತ್ತವೆ. ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ವಾರಕ್ಕೊಮ್ಮೆ ಅದಲು ಬದಲು. ಎರಡೂ ಒಂದೇ ಕಡೆ ಇರಬಾರದೆಂದು ಒತ್ತಿ ಹೇಳಲು ಕಾರಣವಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೀರು ಗೋಕಾಕ ಪೇಟೆಗೆ ನುಗ್ಗಿದಾಗ, ನನ್ನಲ್ಲಿಗೆ ಬರುತ್ತಿದ್ದ ಒಬ್ಬ ವ್ಯಾಪಾರಿ ಶಿಸ್ತಿನಿಂದ ಪ್ರತಿ ರಾತ್ರಿ ಬ್ಯಾಕಪ್ ಮಾಡಿದ ಡಿಸ್ಕ್ ಕಂಪ್ಯೂಟರಿನ ಕೆಳಗಿನ ಡ್ರಾಯರಿನಲ್ಲಿತ್ತು. ಕಂಪ್ಯೂಟರೂ ಡ್ರಾಯರೂ ಒಟ್ಟಿಗೆ ಕೆಸರಿನಲ್ಲಿ ಸಿಕ್ಕವು. ಅವರ ಹಳೆಯ ಲೆಕ್ಕ ಉಳಿದದ್ದು ಅವರ ಜಾಣತನದಿಂದಲ್ಲ, ಲೆಕ್ಕಪರಿಶೋಧಕರ ಬಳಿ ಆಕಸ್ಮಿಕವಾಗಿ ಇದ್ದ ಒಂದು ಪೆನ್‌ಡ್ರೈವ್‌ನಿಂದ. ಇದು ಸಣ್ಣ ವ್ಯಾಪಾರಿಗಳ ಪಾಡು ಮಾತ್ರವೆಂದು ತಿಳಿಯಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಾಗ, ಅಲ್ಲಿನ ಸರ್ಕಾರಿ ನೌಕರರು ಬಳಸುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ದಾಖಲೆ ಸುಟ್ಟುಹೋಯಿತು, ಬೇರೆಡೆ ಅದರ ಪ್ರತಿ ಇರಲಿಲ್ಲ.

ಡಿಸ್ಕಿಗೆ ಪ್ರತಿ ಮಾಡಲು ಫ್ರೀಫೈಲ್‌ಸಿಂಕ್ ಎಂಬ ಸಾಫ್ಟ್‌ವೇರ್ ಬಳಸಿ, ಆದರೆ ಅದರೊಳಗಿನ ಬಗೆಯನ್ನು ಆರಿಸುವಾಗ ಎಚ್ಚರವಿರಲಿ. ‘ಮಿರರ್’ ಆರಿಸಿದರೆ ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದನ್ನು ಅದು ಡಿಸ್ಕಿನಲ್ಲಿಯೂ ಅಳಿಸುತ್ತದೆ, ಮತ್ತೆ ಅದೇ ಗುಂಡಿಗೆ ಬಿದ್ದಂತಾಗುತ್ತದೆ. ‘ಅಪ್‌ಡೇಟ್’ ಆರಿಸಿದರೆ ಹೊಸದನ್ನೂ ಬದಲಾದದ್ದನ್ನೂ ಮಾತ್ರ ಸೇರಿಸುತ್ತದೆ, ಡಿಸ್ಕಿನಲ್ಲಿ ಇದ್ದದ್ದನ್ನು ಅಳಿಸುವುದಿಲ್ಲ. ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್, ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಪೆನ್‌ಡ್ರೈವ್ ಒಯ್ಯಲು ಸರಿ, ಇಡಲು ಅಲ್ಲ; ಅದು ಸದ್ದಿಲ್ಲದೆ ಕೆಡುವ ವಸ್ತು, ಅಂಗಿಯ ಜೇಬಿನಲ್ಲಿಯೇ ಒಗೆಯಲು ಹೋಗುವ ವಸ್ತು ಕೂಡ.

ಈ ಎರಡು ಡಿಸ್ಕಿನ ಮೇಲೆ, ಮೂರನೆಯದಾಗಿ, ಆಯ್ದ ಮುನ್ನೂರು-ನಾನೂರು ಒಳ್ಳೆಯ ಫೋಟೊ ಮತ್ತು ಲೆಕ್ಕದ ಬ್ಯಾಕಪ್ ಫೈಲನ್ನು ಆನ್‌ಲೈನ್‌ನಲ್ಲಿ ಇಡಿ. ಅಷ್ಟಕ್ಕೆ ಉಚಿತ ಜಾಗವೇ ಸಾಕು. ಎಲ್ಲವೂ ಅಲ್ಲಿರಬೇಕೆಂದರೆ 100 ಜಿಬಿಯ ಯೋಜನೆಯನ್ನು ಕಂಪನಿಯಿಂದಲೇ ನೇರವಾಗಿ ಕೊಳ್ಳಿ. ತಿಂಗಳಿಗೆ ಒಂದೆರಡು ನೂರು ರೂಪಾಯಿಯ ಮಾತು. ಆದರೆ ಅದು ಬಾಡಿಗೆ. ಕಟ್ಟುವುದು ನಿಂತರೆ ಮೊದಲು ಹೊಸ ಫೈಲು ಹಾಕುವುದು ನಿಲ್ಲುತ್ತದೆ, ಮಿತಿ ಮೀರಿದ ಸ್ಥಿತಿ ಎರಡು ವರ್ಷ ಮುಂದುವರಿದರೆ ಇದ್ದದ್ದನ್ನೂ ಅಳಿಸಬಹುದೆಂದು ಗೂಗಲ್‌ನ ನಿಯಮವೇ ಹೇಳುತ್ತದೆ.

ಟ್ಯಾಲಿಯ ವಿಷಯ ಪ್ರತ್ಯೇಕ. ಅದರ ಡೇಟಾ ಫೋಲ್ಡರನ್ನು ಎಂದಿಗೂ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಸಿಂಕ್ ಮಾಡುವ ಜಾಗದಲ್ಲಿ ಇಡಬೇಡಿ. ಟ್ಯಾಲಿಯ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕಾದ ಹಲವು ಫೈಲುಗಳಲ್ಲಿ ಹರಡಿರುತ್ತದೆ; ಟ್ಯಾಲಿ ತೆರೆದಿರುವಾಗಲೇ ಸಿಂಕ್ ಅವನ್ನು ಒಂದೊಂದಾಗಿ ಎಳೆದುಕೊಂಡರೆ ಹಳೆಯದೂ ಹೊಸದೂ ಬೆರೆತು ಲೆಕ್ಕ ಕೆಡಬಹುದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿ ಒಟ್ಟಿಗೆ ಒತ್ತಿದರೆ ಡೇಟಾ ಪಟ್ಟಿ ತೆರೆಯುತ್ತದೆ, ಅದರಲ್ಲಿ ಬ್ಯಾಕಪ್ ಇದೆ. ಆ ಬ್ಯಾಕಪ್ಪನ್ನು ದಿನಾಂಕ ಹಾಕಿದ ಫೋಲ್ಡರಿನಲ್ಲಿ ಮಾಡಿ, ಬೇಕಾದಲ್ಲಿ ಕಾಪಿ ಮಾಡಿ. ಮೂರು ತಿಂಗಳಿಗೊಮ್ಮೆ ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸುವಾಗ, ಬೇರೆಯೇ ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ. ಚಾಲ್ತಿಯಲ್ಲಿರುವ ಫೋಲ್ಡರಿಗೇ ಮಾಡಿದರೆ ಈ ವಾರದ ಲೆಕ್ಕದ ಮೇಲೆ ಹಳೆಯ ಲೆಕ್ಕ ಬಂದು ಕೂರುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕಾದ್ದರಿಂದ, ಹಳೆಯ ವರ್ಷಗಳ ಬ್ಯಾಕಪ್ಪನ್ನು ಜಾಗಕ್ಕಾಗಿ ಅಳಿಸಬೇಡಿ.

ಉಳಿದದ್ದು ನುಡಿಯ ಪತ್ರಗಳು. ಇವನ್ನು ಎಷ್ಟು ಕಡೆ ಪ್ರತಿ ಮಾಡಿಟ್ಟರೂ, ಇನ್ನೊಂದು ಕಂಪ್ಯೂಟರಿನಲ್ಲಿಯೋ ಫೋನಿನಲ್ಲಿಯೋ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೊಂಚಲು ಕಾಣುತ್ತದೆ, ಫೈಲು ಕೆಟ್ಟಿದೆ ಎಂದು ಅಳಿಸಿದವರೂ ಇದ್ದಾರೆ. ಫೈಲು ಕೆಟ್ಟಿರುವುದಿಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿವೆ, ಆ ಫಾಂಟ್ ಇಲ್ಲದ ಕಡೆ ಮೂಲದ ಇಂಗ್ಲಿಷ್ ಅಕ್ಷರಗಳೇ ಹೊರಬರುತ್ತವೆ. ಇನ್ನು ಮುಂದಿನ ಪತ್ರಗಳನ್ನು ನುಡಿಯಲ್ಲಿಯೇ ಯುನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳು ಗುರುತಿಸುವ ಅಕ್ಷರ ವ್ಯವಸ್ಥೆ) ಆಯ್ಕೆಮಾಡಿಕೊಂಡು ಟೈಪ್ ಮಾಡಿ. ಕೀಲಿಮಣೆ ಅದೇ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಹಳೆಯವನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆಯಾದರೂ ಅರ್ಕಾವೊತ್ತು, ಅಂಕಿಗಳಲ್ಲಿ ಎಡವುತ್ತವೆ, ಹಣದ ಮೊತ್ತವಿರುವ ಪತ್ರವನ್ನು ಮೂಲದೊಡನೆ ಹೋಲಿಸದೆ ಬಳಸಬಾರದು. ಮತ್ತೆ ತಿದ್ದುವ ಅಗತ್ಯವಿಲ್ಲದ ಹಳೆಯ ಪತ್ರಗಳಿಗೆ ಇಷ್ಟು ಶ್ರಮ ಬೇಡ. ಅವನ್ನು ಈಗಿನ ಲ್ಯಾಪ್‌ಟಾಪಿನಲ್ಲಿಯೇ ಪಿಡಿಎಫ್ ಮಾಡಿ, ದಿನಾಂಕದ ಹೆಸರು ಕೊಟ್ಟು ಎರಡೂ ಡಿಸ್ಕುಗಳಿಗೆ ಹಾಕಿ. ಪಕ್ಕದಲ್ಲಿಯೇ ಒಂದು ಫೋಲ್ಡರ್ ಮಾಡಿ ನುಡಿಯ ಫಾಂಟ್ ಫೈಲುಗಳನ್ನೂ ಇಟ್ಟರೆ, ಮುಂದೆ ಲ್ಯಾಪ್‌ಟಾಪ್ ಬದಲಾದ ದಿನ ಮೂಲ ಪತ್ರಗಳನ್ನೂ ತೆರೆಯಲು ಬರುತ್ತದೆ.